ಯಾರದೋ ಕೂದಲು

ಕೂದಲು ಸುಳ್ಳು ಹೇಳುವುದಿಲ್ಲ ಎಂದು ಡಾ. ಸುವರ್ಣಾ ಹಡಪದ ಊರೂರಿಗೆ ಹೋಗಿ ಭಾಷಣ ಮಾಡಿದ್ದಳು. ಆ ಮಾತಿಗೆ ಚಪ್ಪಾಳೆ ಬಿದ್ದಿತ್ತು, ಸರ್ಕಾರದ ಅನುದಾನವೂ ಬಂದಿತ್ತು. ಇವತ್ತು ಅದೇ ಮಾತು ಅವಳ ಕೊರಳಿಗೆ ಬಂದು ಕೂತಿತ್ತು. ಅವಳೇ ಕಟ್ಟಿದ ಯಂತ್ರ ಅವಳ ಸ್ವಂತ ತಂಗಿಯ ಕೂದಲನ್ನು ಓದಿ, ಈ ಕೂದಲಿನ ಒಡತಿ ಬಸುರಿಯಲ್ಲ ಎಂದು ತೆರೆಯ ಮೇಲೆ ತೋರಿಸುತ್ತಿತ್ತು.

ತಂಗಿ ಶಿವಲೀಲಾಗೆ ಆರು ತಿಂಗಳು ತುಂಬಿತ್ತು. ಎರಡು ಸಲ ನಿಂತು, ಎರಡು ಸಲವೂ ಕೈಗೆ ಬಾರದೆ ಹೋದ ಮೇಲೆ ನಿಂತ ಬಸಿರು ಇದು.

"ಇನ್ನೊಮ್ಮೆ ಓಡಿಸು," ಎಂದಳು ಸುವರ್ಣಾ.

"ಮೂರು ಸಲ ಓಡಿಸೀನ್ರಿ ಮೇಡಂ," ಎಂದ ಸಹಾಯಕ ಮಹಾಂತೇಶ. "ಮೂರೂ ಸಲ ಅದ ಬಂದೈತಿ. ಬಸಿರಿನ ಹಾರ್ಮೋನ್ ಇಲ್ಲವ ಇಲ್ಲ. ಅಂದ್ರ ಕೂಸು ಒಳಗ..."

"ಬಾಯಿ ಮುಚ್ಚು."

ಅವನು ಪಾಕೀಟಿನ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದ. ಶಿವಲೀಲಾ ಎಂದೇ ಇತ್ತು.

ಯಂತ್ರದ ಹೆಸರು ಕೇಶಲಿಪಿ. ಕೂದಲು ಬುಡದಲ್ಲಿ ಹುಟ್ಟುವಾಗ ರಕ್ತದಲ್ಲಿ ಏನೇನಿರುತ್ತದೋ ಅದರಲ್ಲಿ ಒಂದು ಚೂರನ್ನು ಒಳಗೆ ಹೆಣೆದುಕೊಂಡೇ ಹೊರಗೆ ಬರುತ್ತದೆ. ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರು ಬೆಳೆಯುತ್ತದೆ. ಹಾಗಾಗಿ ಸೊಂಟದವರೆಗಿನ ಜಡೆಯೆಂದರೆ ಆರೇಳು ವರ್ಷದ ಬದುಕು ಬೆನ್ನ ಮೇಲೆ ಜೋತುಬಿದ್ದ ಹಾಗೆ. ಕೇಶಲಿಪಿಯ ಬೆಳಕಿನ ಸೂಜಿ ಎಳೆಯನ್ನು ತುದಿಯಿಂದ ಬುಡದವರೆಗೆ ಸುಡುತ್ತ ಹೋಗುತ್ತದೆ. ಏಳುವ ಹೊಗೆಯನ್ನು ಮೂಸಿ, ಯಾವ ತಿಂಗಳು ಹಸಿವಿತ್ತು, ಯಾವ ತಿಂಗಳು ಜ್ವರವಿತ್ತು, ಯಾವಾಗ ಯಾವ ಲೋಹ ಹೊಟ್ಟೆ ಸೇರಿತು ಎಂದು ಹೇಳುತ್ತದೆ. ಹಾರ್ಮೋನು ಓದುವ ಭಾಗ ಹೊಸದು, ಈ ವಾರವಷ್ಟೇ ಜೋಡಿಸಿದ್ದು. ಅದು ಬುಡದ ಕಡೆಯ ಒಂದು ತಿಂಗಳನ್ನು ಮಾತ್ರ ಓದಬಲ್ಲದು. ಅವಳ ಅಪ್ಪ ಹಡಪದ ಮಲ್ಲಪ್ಪ ಕ್ಷೌರದ ಕತ್ತರಿ ಹಿಡಿದು ಮಗಳನ್ನು ಓದಿಸಿದ್ದ, ಮಗಳು ಕತ್ತರಿಸಿ ಬಿದ್ದದ್ದನ್ನೇ ಹೆಕ್ಕಿ ಇಂಥ ಯಂತ್ರ ಕಟ್ಟಿದ್ದಳು.

ಅದನ್ನು ಹೊಸಜಾಲಿಗೆ ತಂದದ್ದಕ್ಕೂ ಕಾರಣವಿತ್ತು. ಕೊಪ್ಪಳದಾಚೆಯ ಈ ಊರು ಕೂದಲಿನಿಂದಲೇ ಉಣ್ಣುವ ಊರು. ನಾಡಿನ ಹೆಂಗಸರು ಬಾಚಣಿಕೆಯಿಂದ ಬಿಡಿಸಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟ ಕೂದಲನ್ನು, ಪಿನ್ನು ಪಾತ್ರೆ ಕೊಟ್ಟು ಕೊಂಡು ತರುವವರು ಇಲ್ಲಿಗೆ ಚೀಲ ಇಳಿಸುತ್ತಾರೆ. ಇಲ್ಲಿನ ಹೆಂಗಸರು ಅದರ ಸಿಕ್ಕು ಬಿಡಿಸಿ, ಮೊಳೆ ಹೊಡೆದ ಹಲಗೆಯ ಮೇಲೆ ಬಾಚಿ, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟುತ್ತಾರೆ. ಆ ಕಟ್ಟುಗಳು ಸಮುದ್ರ ದಾಟಿ ಯಾರದೋ ಬೋಳುತಲೆಗೆ ಟೋಪನ್ ಆಗುತ್ತವೆ. ಇಂಥ ಊರಿನ ಹೆಂಗಸರ ತಲೆಯೇ ಬೋಳಾಗತೊಡಗಿತ್ತು.

ಹೋದ ವರ್ಷ ಸೊಳ್ಳೆ ಜ್ವರ ಬಂದು ಇಡೀ ಊರನ್ನು ಹಾಸಿಗೆ ಹಿಡಿಸಿತ್ತು. ದೊಡ್ಡ ಜ್ವರ ಬಿಟ್ಟ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಹೊಸದೇನಲ್ಲ, ತಾನಾಗಿ ಮತ್ತೆ ಬರುತ್ತದೆ. ಹೊಸಜಾಲಿಯಲ್ಲಿ ಬರಲಿಲ್ಲ. ಗೊತ್ತೇ ಆಗದಷ್ಟು ನಿಧಾನವಾಗಿ ಬೈತಲೆ ಅಗಲವಾಗುತ್ತ ಹೋಯಿತು. ಬಾಯಿಗೊಂದು ಕಾರಣ ಹುಟ್ಟಿತು. ಬೋರಿನ ನೀರು ಎಂದರು, ಶಾಂಪೂ ಎಂದರು, ಮೈಯಲ್ಲಿ ರಕ್ತ ಕಡಿಮೆ, ಥೈರಾಯ್ಡು, ಬಿಗಿದು ಹೆಣೆಯುವ ಜಡೆ, ಚಿಂತೆ ಎಂದರು. ಸತ್ತವರ ಕೂದಲು ಮುಟ್ಟಿದ ದೋಷ ಎಂದು ಬಾಯಿ ಬಡಿದುಕೊಂಡವರೂ ಉಂಟು. ಕೂದಲಿನ ವ್ಯಾಪಾರಿಗಳಿಗೆ ಬೇರೆಯೇ ದಿಗಿಲು. ಕೆಲಸದವರ ತಲೆ ನೋಡಿದ ಹೊರದೇಶದ ಗಿರಾಕಿ ಈ ಮಾಲಿನಲ್ಲೇ ರೋಗವಿದೆ ಎಂದರೆ ಅಂಗಡಿ ಮುಚ್ಚಬೇಕು. ಉದುರಲು ಶುರುವಾದ ಹೊಸದರಲ್ಲೇ ಅವರು ಸರ್ಕಾರದ ಕಾಲು ಹಿಡಿದು 'ಕೇಶಬಲ ಉಂಡಿ' ತರಿಸಿದರು. ಶೇಂಗಾ, ಎಳ್ಳು, ಬೆಲ್ಲ, ಅದರೊಳಗೆ ಕೂದಲಿಗೆ ಬೇಕಾದ ಕಬ್ಬಿಣ, ಸತು, ಚೂರೇ ಚೂರು ಸೆಲೆನಿಯಮ್. ಮನೆಮನೆಗೆ ಪುಕ್ಕಟೆ.

ಎರಡು ತಿಂಗಳ ಹಿಂದೆ ಸುವರ್ಣಾ ಇಲ್ಲಿನ ಹೆಂಗಸರ ಕೂದಲನ್ನು ಮೊದಲ ಸಲ ಓದಿದ್ದಳು. ಒಂದರಲ್ಲೂ ವಿಷದ ಸುಳಿವಿರಲಿಲ್ಲ. ಉಂಡಿ ತಿನ್ನಬಹುದು ಎಂದು ಸಹಿ ಮಾಡಿ ಕೊಟ್ಟಳು. ಆ ಸಹಿಯ ಬಲದಿಂದಲೇ ಬಸುರಿಯರಿಗೆ ದಿನಕ್ಕೆ ಒಂದಿದ್ದ ಉಂಡಿ ಎರಡಾಯಿತು. ಇವತ್ತು ಎರಡನೆಯ ವರದಿಗೆ ಸಹಿ ಬಿದ್ದರೆ ಜಿಲ್ಲೆಯ ಹಾಸ್ಟೆಲ್ ಹುಡುಗಿಯರಿಗೆಲ್ಲ ಉಂಡಿ ಹೊರಡುತ್ತದೆ. ಲಾರಿ ತುಂಬಿ ನಿಂತಿತ್ತು. ಯೋಜನೆಯ ಅಧಿಕಾರಿ ಬನ್ನಿಕೊಪ್ಪ ಸಾಹೇಬರು ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದರು.

ಈಗಲೂ ಫೋನು ಗುಂಯ್‌ಗುಟ್ಟಿತು. ಸುವರ್ಣಾ ಅದನ್ನು ಮೇಜಿನ ಮೇಲೆಯೇ ಬಿಟ್ಟು ತಂಗಿಯ ಮನೆಗೆ ಓಡಿದಳು.

ಶಿವಲೀಲಾ ಪಡಸಾಲೆಯಲ್ಲಿ ಕೂದಲಿನ ಚೀಲಕ್ಕೆ ಒರಗಿ ಕೂತು ಪಾದ ತಿಕ್ಕಿಕೊಳ್ಳುತ್ತಿದ್ದಳು. ಭುಜದ ಮೇಲಿಂದ ಕೈದಪ್ಪದ ಜಡೆ ಇಳಿಬಿದ್ದಿತ್ತು, ತಲೆಯ ತುಂಬ ಸೆರಗು. "ಅಕ್ಕಾ, ಇದೇನ್ ಬೇ ಹೊತ್ತಲ್ಲದ ಹೊತ್ತಿನ್ಯಾಗ?" ಎಂದಳು.

"ಕೂಸು ಹೊರಳಾಡತೈತೇನು?"

"ಮುಂಜಾನಿಂದ ಸುಮ್ಮನ ಐತಿ. ಮಲಗಿರಬೇಕು. ಯಾಕ?"

"ಏಳು, ದವಾಖಾನಿಗೆ ಹೋಗೂಣು," ಎಂದು ಸುವರ್ಣಾ ತೋಳು ಹಿಡಿದು ಎಬ್ಬಿಸಿದಳು. ತಂಗಿ ಹತ್ತಿರ ಬಂದು ಉಸಿರು ಬಿಟ್ಟಾಗ ಬಳ್ಳೊಳ್ಳಿಯ ವಾಸನೆ ಗಮ್ಮೆಂದು ಹೊಡೆಯಿತು.

"ಬಳ್ಳೊಳ್ಳಿ ತಿಂದಿಯೇನು?"

"ಅಯ್ಯ, ಅದರ ವಾಸನಿಗೇ ವಾಂತಿ ಬರತೈತಿ ನನಗ. ಒಲಿ ಮ್ಯಾಲೂ ಹಾಕಗೊಡೂದಿಲ್ಲ. ಆದರೂ ಬಾಯಿ ಹಿಂಗ ನಾರತೈತಿ ನೋಡು."

ಬಳ್ಳೊಳ್ಳಿ ತಿನ್ನದೆ ಬಾಯಿ ಬಳ್ಳೊಳ್ಳಿ ನಾರುವುದು, ಉಗುರ ಮೇಲೆ ಬಿಳಿ ಗೆರೆ ಬಿದ್ದು ಸೀಳುವುದು, ಅಂಗಾಲು ಜುಮುಗುಡುವುದು, ಕೂದಲು ಉದುರುವುದು. ಇವೆಲ್ಲ ಸೇರಿದರೆ ಸೆಲೆನಿಯಮ್ ಮಿತಿಮೀರಿದೆ ಎಂದು ಸುವರ್ಣಾ ಓದಿಕೊಂಡೇ ಡಾಕ್ಟರಾದವಳು. ಹೋದ ಸಲ ಬಂದಾಗಲೂ ಈ ವಾಸನೆ ಮೂಗಿಗೆ ಬಡಿದಿತ್ತು. ಆದರೆ ಕೇಶಲಿಪಿ ಇಲ್ಲ ಎಂದಿತ್ತು. ಅವಳು ತನ್ನ ಮೂಗಿಗಿಂತ ತನ್ನ ಯಂತ್ರವನ್ನು ನಂಬಿದ್ದಳು.

ಊರ ದವಾಖಾನೆಯ ಡಾಕ್ಟರ್ ನಸೀಮಾ ಶಿವಲೀಲಾಳನ್ನು ಮಲಗಿಸಿ ಹೊಟ್ಟೆಯ ಮೇಲೆ ಯಂತ್ರದ ಹಿಡಿಯನ್ನು ಆಡಿಸಿದಳು. ಮೊದಲು ಬರೀ ಗರಗರ ಸದ್ದು. ಹಿಡಿ ಎಡಕ್ಕೆ ಸರಿಯಿತು, ಕೆಳಗೆ ಸರಿಯಿತು. ಸುವರ್ಣಾ ಮಂಚದ ಕಬ್ಬಿಣವನ್ನು ಹಿಡಿದ ಕೈ ಬಿಡಲಿಲ್ಲ. ಆಮೇಲೆ ಕುದುರೆ ಓಡುವ ಹಾಗೆ ಟಕಟಕ ಟಕಟಕ ಎಂದು ಕೇಳಿಸಿತು.

"ಜೋರಾಗೈತ್ರಿ ಕೂಸಿನ ಎದೆ," ಎಂದು ನಸೀಮಾ ನಕ್ಕಳು. "ಯಾರ್ ಹೇಳಿದ್ರು ನಿಮಗ, ಏನೋ ಆಗೈತಿ ಅಂತ?"

ಸುವರ್ಣಾ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಸಮಾಧಾನಕ್ಕೆ ಅಳು ಬಂತು, ಅಳುವಿನ ಬೆನ್ನಿಗೇ ಭಯ ಬಂತು. ಕೂಸು ಬದುಕಿದೆ, ಯಂತ್ರ ಬಸಿರೇ ಇಲ್ಲ ಎನ್ನುತ್ತದೆ. ನಸೀಮಾಳ ಫೋನು ಇಸಕೊಂಡು ಮಹಾಂತೇಶನಿಗೆ ಮಾಡಿದಳು. "ನಮ್ಮ ಹತ್ರ ಬ್ಯಾರೆ ಬಸುರಿ ಕೂದಲಾ ಐತಲ್ಲ, ಪರೀಕ್ಷೆಗಂತ ಹುಬ್ಬಳ್ಳಿಂದ ತಂದಿದ್ದು? ಅದನ್ನ ಓಡಿಸಿ ಹೇಳು."

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಬಸುರಿ ಅಂತ ಸರಿಯಾಗಿ ಹೇಳಾಕತ್ತೈತ್ರಿ. ಯಂತ್ರ ಕೆಟ್ಟಿಲ್ಲ."

ಯಂತ್ರ ಕೆಟ್ಟಿಲ್ಲ, ತಂಗಿಯೂ ಸುಳ್ಳಲ್ಲ. ಹಾಗಾದರೆ ಉಳಿದದ್ದು ಒಂದೇ. ಆ ಕೂದಲು ತಂಗಿಯದಲ್ಲ.

ಮನೆಗೆ ಬರುವಷ್ಟರಲ್ಲಿ ಶಿವಲೀಲಾಳ ಅತ್ತೆ ಪಾರವ್ವ ಹಲಗೆಯ ಮುಂದೆ ಕೂತು ಕೂದಲು ಬಾಚುತ್ತಿದ್ದಳು. ಊರಿನ ಹೆಂಗಸರ ಗುಂಪಿಗೆ ಅವಳೇ ಮುಖಂಡಳು. ಸುವರ್ಣಾ ಕೂದಲಿಗೆಂದು ಕೊಟ್ಟ ಪಾಕೀಟುಗಳನ್ನು ಮನೆಮನೆಗೆ ಹಂಚಿ, ತುಂಬಿಸಿ ತಂದುಕೊಟ್ಟವಳೂ ಅವಳೇ.

"ಅತ್ತಿ, ಖರೇ ಹೇಳ್ರಿ. ಶಿವಲೀಲಾನ ಪಾಕೀಟಿನ್ಯಾಗ ಹಾಕಿದ್ದು ಯಾರ ಕೂದಲಾ?"

ಪಾರವ್ವನ ಕೈ ನಿಂತಿತು. "ಯಾರದರ ಇರಲಿ, ಕೂದಲಾ ಕೂದಲಾನ ಅಲ್ಲೇನು?"

"ಅಲ್ಲ!"

ಸುವರ್ಣಾ ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಇಣುಕಿದರು. ಪಾರವ್ವ ದನಿ ತಗ್ಗಿಸಿದಳು. "ಸಿಟ್ಟಾಗಬ್ಯಾಡ ಯವ್ವಾ. ಬಸುರಿ ತಲಿಗೆ ಕತ್ತರಿ ಮುಟ್ಟಸ್ತಾರೇನು? ನನ್ನ ಮಗಾ ಗಡ್ಡಾ ತಗೀಲಾರದ ಅಡ್ಡಾಡಾಕತ್ತಾನ, ನೋಡೀ ಇಲ್ಲೋ? ಮೊದಲ ಎರಡು ಹ್ವಾದವು. ಮೂರನೇದಕ್ಕ ನಾ ಕೈಯಾರೆ ಕತ್ತರಿ ಹಿಡೀಲ್ಯಾ? ಅದಕ್ಕ ಅಕಿ ಚೌರಿಯಿಂದ ನಾಕು ಎಳಿ ತಗದು ಬುಡಕ್ಕ ದಾರಾ ಕಟ್ಟಿ ಕೊಟ್ಟೆ."

ಶಿವಲೀಲಾ ತಲೆ ತಗ್ಗಿಸಿದಳು. ಆಮೇಲೆ ತಾನಾಗಿಯೇ ಸೆರಗು ಜಾರಿಸಿ, ಜಡೆಗೆ ಕೈ ಹಾಕಿ ಎಳೆದಳು. ಜಡೆ ಜಡೆಯೇ ಕೈಗೆ ಬಂತು. ಅದು ಅಂಗಡಿಯ ಚೌರಿ, ಯಾರದೋ ತಲೆಯ ಕೂದಲು ಸೇರಿಸಿ ಹೆಣೆದದ್ದು. ಕೆಳಗೆ ತಂಗಿಯ ಸ್ವಂತ ಕೂದಲು ನಡುತಲೆಯಲ್ಲಿ ಚರ್ಮ ಕಾಣುವಷ್ಟು ತೆಳ್ಳಗಾಗಿ, ಹಿಂದೆ ಗೇಣುದ್ದದ ಜುಟ್ಟಾಗಿ ಉಳಿದಿತ್ತು. ಚಿಕ್ಕಂದಿನಲ್ಲಿ ಆ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದವಳು ಸುವರ್ಣಾ. ಅವಳಿಗೆ ತಡೆಯಲಾಗಲಿಲ್ಲ, ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಉಳಿದವರದು?" ಎಂದು ಕೇಳಿದಳು ಆಮೇಲೆ. "ಅವರೇನು ಬಸುರಿ ಅಲ್ಲಲ್ಲ?"

"ಹೊರಗಿನವರ ಕೈಗೆ ಕೂದಲಾ ಕೊಡೂದಂದ್ರ ಚಲೋ ಮಾಲ್ ಆರಿಸಿ ಕೊಡೂದು ನಮ್ಮ ಪದ್ಧತಿ," ಎಂದಳು ಪಾರವ್ವ, ಇದರಲ್ಲಿ ತಪ್ಪೇನು ಎಂಬಂತೆ. "ನಮ್ಮ ಹೆಂಗಸರ ಹುಳುಕ ಕೂದಲಾ ಕೊಟ್ರ ಊರಿನ ಮಾಲೇ ಹುಳುಕಂತ ಗಿರಾಕಿ ಅಂದಾರು. ಅದೂ ಅಲ್ಲದ, ತಲಿ ಬೋಳ ಆಗೈತಂತ ಯಾಕಿ ಬಾಯಿಬಿಟ್ಟು ಹೇಳ್ತಾಳ? ಮುತ್ತೈದಿಗೆ ಬೋಳಿ ಅನ್ನಿಸಿಕೊಳ್ಳೂಕಿಂತ ಸಾವು ಚಲೋ. ಎಲ್ಲಾರೂ ಚೀಲದಾಗಿಂದ ಉದ್ದನ್ನವು ಆರಿಸಿ ಹಾಕಿದ್ರು. ನಾನೂ ಹಾಕೀನಿ."

ಎಲ್ಲಿಯದೋ ಹೆಂಗಸರ ನೆಮ್ಮದಿಯ ಬದುಕನ್ನು ಕೇಶಲಿಪಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿತ್ತು. ಅದನ್ನು ಹೊಸಜಾಲಿಯ ಆರೋಗ್ಯವೆಂದು ಸುವರ್ಣಾ ಸಹಿ ಮಾಡಿದ್ದಳು. ಕತ್ತರಿ ಹಿಡಿದು ತಾನೇ ಒಂದು ತಲೆಯನ್ನೂ ಮುಟ್ಟದೆ, ಪಾಕೀಟು ಹಂಚಿ ಕೂತ ತಪ್ಪು ಪಾರವ್ವನದಲ್ಲ, ತನ್ನದೇ ಎಂದು ಅವಳಿಗೆ ಗೊತ್ತಾಯಿತು. ಆ ಸಹಿಯಿಂದಲೇ ತಂಗಿ ಎರಡು ತಿಂಗಳಿಂದ ದಿನಕ್ಕೆ ಎರಡು ಉಂಡಿ ತಿಂದಿದ್ದಳು.

"ಇವತ್ತಿನ ಉಂಡಿ ತಿಂದಿಯೇನು?"

"ಒಂದು ತಿಂದೆ. ಇನ್ನೊಂದು ಅಲ್ಲೈತಿ, ತಾಟಿನ್ಯಾಗ."

ಸುವರ್ಣಾ ಅದನ್ನು ಎತ್ತಿ ಕರವಸ್ತ್ರದಲ್ಲಿ ಕಟ್ಟಿಕೊಂಡಳು. "ನಿನ್ನ ತಲಿಯಿಂದ ಕೂದಲಾ ಬೇಕು, ಲೀಲಾ. ಈಗಿಂದೀಗ."

"ಕತ್ತರಿ ಬ್ಯಾಡ," ಎಂದು ಪಾರವ್ವ ಅಡ್ಡ ಬಂದಳು. ಸೊಸೆಯ ಮುಂದೆ ತೋಳು ಚಾಚಿ ನಿಂತ ಆ ಮುದುಕಿಯ ಕಣ್ಣಲ್ಲಿ ನೀರಿತ್ತು. "ನಿನ್ನ ಕಾಲಿಗೆ ಬೀಳ್ತೀನಿ. ಹೊಟ್ಯಾಗಿನ ಜೀವ ಅದು."

"ಕತ್ತರಿ ಮುಟ್ಟಸೂದಿಲ್ಲ ಅತ್ತಿ. ಬರೀ ಬಾಚ್ತೀನಿ. ತಾನಾಗಿ ಬಂದದ್ದಷ್ಟ ತಗೋತೀನಿ."

ಪಾರವ್ವ ತೋಳು ಇಳಿಸಿ ಪಕ್ಕಕ್ಕೆ ಸರಿದಳು. ಸುವರ್ಣಾ ಮೆಟ್ಟಿಲ ಮೇಲೆ ಕೂತಳು, ತಂಗಿ ಅವಳ ಮೊಣಕಾಲುಗಳ ನಡುವೆ ಕೂತಳು. ಬಾಚಣಿಕೆಯೂ ಬೇಕಾಗಲಿಲ್ಲ. ಬೆರಳು ಆಡಿಸಿದ ಕಡೆಯೆಲ್ಲ ಕೂದಲು ಬುಡಸಮೇತ ಕಿತ್ತು ಅಂಗೈಗೆ ಬರುತ್ತಿತ್ತು. ನೋವಾಯಿತೇ ಎಂದರೆ ತಂಗಿ ಇಲ್ಲ ಎಂದು ತಲೆಯಾಡಿಸಿದಳು. ಪಾರವ್ವ ಮೊದಲು ಬಾಗಿಲಿಗೆ ಒರಗಿ ನೋಡಿದಳು, ಆಮೇಲೆ ನೋಡಲಾರದೆ ಮುಖ ತಿರುಗಿಸಿದಳು. ಕಡೆಗೆ ತನ್ನ ತುರುಬಿನ ಚೌರಿ ಬಿಚ್ಚಿ ಮೂಲೆಗೆ ಎಸೆದು, ಬೋಳುತಲೆಯಲ್ಲೇ ಬೀದಿಗಿಳಿದು ಅಕ್ಕಪಕ್ಕದವರನ್ನು ಕೂಗಿದಳು.

"ಏ, ಮುಚ್ಚಿಟ್ಟಿದ್ದು ಸಾಕು ಬರ್ರೆ! ನಿಮ್ಮ ನಿಮ್ಮ ತಲಿ ಹಿಡಕೊಂಡು ಬರ್ರಿ!"

ಕೂದಲಿನ ಗೋದಾಮಿನಲ್ಲಿ ಹೂಡಿದ್ದ ಲ್ಯಾಬಿಗೆ ಸುವರ್ಣಾ ಮರಳಿದಾಗ ಬನ್ನಿಕೊಪ್ಪ ಸಾಹೇಬರು ಅವಳ ಕುರ್ಚಿಯಲ್ಲೇ ಕೂತಿದ್ದರು. "ಎಲ್ಲಿಗ್ ಹೋಗಿದ್ರಿ ಮೇಡಂ? ಒಂದು ಸಹಿ ಒಗದಿದ್ರ ಲಾರಿ ಹೊರಡತಿತ್ತು."

"ಲಾರಿ ಹೊರಡೂದಿಲ್ಲ, ಸರ್. ಒಂದಿಷ್ಟು ತಡೀರಿ."

ಮಹಾಂತೇಶ ಶಿವಲೀಲಾಳ ಎಳೆಯನ್ನು ತೊಳೆದು ಸೂಜಿಯ ಕೆಳಗೆ ಇಟ್ಟ. ತೆರೆಯ ಮೇಲೆ ಗೆರೆ ತುದಿಯಿಂದ ಹೊರಟಿತು. ಮೊದಲು ಮಟ್ಟಸವಾಗಿ ನಡೆಯಿತು. ಜ್ವರದ ತಿಂಗಳಲ್ಲಿ ಒಂದು ತಗ್ಗು ಬಿತ್ತು. ಉಂಡಿ ಬಂದ ತಿಂಗಳಿಂದ ಸೆಲೆನಿಯಮ್ಮಿನ ಗೆರೆ ಏರತೊಡಗಿತು. ಎರಡು ಉಂಡಿಯಾದ ಮೇಲೆ ಗೋಡೆಯಂತೆ ನೆಟ್ಟಗೆ ಎದ್ದು ತೆರೆಯ ಅಂಚನ್ನು ದಾಟಿತು. ಕೊನೆಗೆ ಬುಡದಲ್ಲಿ ಹಾರ್ಮೋನಿನ ದೀಪ ಹತ್ತಿತು. ಬಸುರಿ ಎಂದು ಈ ಸಲ ಯಂತ್ರವೂ ಒಪ್ಪಿತು.

"ಆದ್ರ ಉಂಡಿ ಪರೀಕ್ಷೆ ಮಾಡಿಸೇವಲ್ರೀ," ಎಂದು ಬನ್ನಿಕೊಪ್ಪ ತಡವರಿಸಿದರು. "ಕಂಪನಿಯವರು ಪರೀಕ್ಷೆಗಂತ ಕಳಿಸಿದ್ದು ಚೊಕ್ಕ ಇತ್ತು."

"ಕಳಿಸಿದ ಉಂಡಿ ಚೊಕ್ಕ ಇತ್ತು. ಇದು ಮನಿಯೊಳಗ ತಿನ್ನೋ ಉಂಡಿ." ಸುವರ್ಣಾ ಕರವಸ್ತ್ರ ಬಿಚ್ಚಿದಳು. ಅದನ್ನು ಮುರಿದು ನಾಲ್ಕು ಕಡೆಯಿಂದ ಚೂರು ತೆಗೆದು ಓಡಿಸಿದರು. ಮೂರು ಚೂರಿನಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಒಬ್ಬಳು ಒಂದು ತಿಂಗಳಿಡೀ ತಿನ್ನಬೇಕಾದಷ್ಟು ಸೆಲೆನಿಯಮ್ ಇತ್ತು. ಸರಿಯಾಗಿ ನಾದದ ಹಿಟ್ಟಿನಲ್ಲಿ ಉಪ್ಪು ಒಂದೇ ಕಡೆ ಗಂಟಾಗುತ್ತದಲ್ಲ, ಹಾಗೆ. ಯಾರ ಪಾಲಿಗೆ ಆ ಗಂಟು ಬರುತ್ತದೆಂದು ಹೇಳುವವರಿಲ್ಲ. ಕೂದಲು ಉದುರಿದಷ್ಟೂ ಹೆಂಗಸರು ಉಂಡಿ ತಿಂದರು, ತಿಂದಷ್ಟೂ ಕೂದಲು ಉದುರಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಮೊದಲನೇ ವರದಿಗೆ ನಿಮ್ಮದ ಸಹಿ ಐತಿ," ಎಂದರು ಬನ್ನಿಕೊಪ್ಪ, ಹೆದರಿಸುವಂತೆಯೂ ಅಲ್ಲ, ಬೇಡಿಕೊಳ್ಳುವಂತೆಯೂ ಅಲ್ಲ. "ಅದು ಸುಳ್ಳಂತ ನೀವ ಬರೀತೀರೇನು? ನಿಮ್ಮ ಯಂತ್ರಾನ ಮತ್ತ ಯಾರ್ ನಂಬ್ತಾರ?"

ಬಾಗಿಲಲ್ಲಿ ಸದ್ದಾಯಿತು. ಪಾರವ್ವನ ಹಿಂದೆ ಬೀದಿಯ ಹೆಂಗಸರು ನಿಂತಿದ್ದರು, ತಲೆಯ ಮೇಲೆ ಸೆರಗಿಲ್ಲ, ಚೌರಿಯಿಲ್ಲ. ಗಂಡಸರ ಎದುರು ಹಾಗೆ ನಿಲ್ಲಲು ಅವರಿಗೆ ಎಷ್ಟು ಕಷ್ಟವಾಗುತ್ತಿದೆ ಎಂಬುದು ನೆಲ ನೋಡುತ್ತಿದ್ದ ಕಣ್ಣುಗಳಲ್ಲೇ ಕಾಣುತ್ತಿತ್ತು. ಬನ್ನಿಕೊಪ್ಪ ಎದ್ದು ಕುರ್ಚಿ ಬಿಟ್ಟರು. ಸುವರ್ಣಾ ಕೂತು ವರದಿ ಬರೆದಳು. ಮೊದಲ ಸಾಲಿನಲ್ಲೇ ತನ್ನ ಹಿಂದಿನ ಸಹಿ ತಪ್ಪೆಂದು ಬರೆದಳು. ಲಾರಿ ಬಂದ ದಾರಿಗೇ ಹಿಂತಿರುಗಿತು, ಮನೆಗಳಲ್ಲಿದ್ದ ಉಂಡಿಗಳನ್ನು ಗುಂಡಿ ತೋಡಿ ಹೂಳಿದರು.

ಅಲ್ಲಿಂದ ಮುಂದಿನದು ಬರೀ ಕಾಯುವ ಕೆಲಸ. ಸೆಲೆನಿಯಮ್ ಮೈಯಿಂದ ತಾನಾಗಿ ಇಳಿಯಬೇಕು, ಅದಕ್ಕೆ ಮದ್ದಿಲ್ಲ. ಶಿವಲೀಲಾಳ ಬಾಯಿಯ ವಾಸನೆ ಹೋಯಿತು, ಪಾದದ ಜುಮುಜುಮು ಕಡಿಮೆಯಾಯಿತು. ಆದರೆ ಅಕ್ಕ ಬಂದಾಗಲೆಲ್ಲ ಅವಳು ಕೇಳುವುದು ಒಂದೇ ಮಾತು. "ಅಕ್ಕಾ, ಕೂಸಿಗೆ ಏನರ ಆಗಿರತೈತೇನು?"

ಸುವರ್ಣಾಳಿಗೆ ಗೊತ್ತಿರಲಿಲ್ಲ. ನಸೀಮಾಳಿಗೂ ಗೊತ್ತಿರಲಿಲ್ಲ. ಗರ್ಭದ ಒಳಗಿನದನ್ನು ಓದುವ ಕೇಶಲಿಪಿ ಇನ್ನೂ ಹುಟ್ಟಿಲ್ಲ. ಆದರೆ ಒಂದು ದಾರಿಯಿತ್ತು. ಕೂಸಿನ ತಲೆಗೂದಲು ಐದನೆಯ ತಿಂಗಳಿಗೆ ಹೊಟ್ಟೆಯೊಳಗೇ ಹುಟ್ಟುತ್ತದೆ. ಹುಟ್ಟಿದ ಕೂಸಿನ ಒಂದು ಎಳೆ ಸಿಕ್ಕರೆ ಸಾಕು, ತಾಯಿ ತಿಂದ ವಿಷದಲ್ಲಿ ಎಷ್ಟು ಕೂಸಿಗೆ ಹೋಯಿತು, ಯಾವಾಗ ನಿಂತಿತು ಎಂಬುದೆಲ್ಲ ತಿಳಿಯುತ್ತದೆ. ಸುವರ್ಣಾ ಆ ಎಳೆಗಾಗಿ ಕಾದಳು. ತನ್ನ ಒಂದು ಸಹಿ ತಂಗಿಯ ಮಗುವಿಗೆ ಏನು ಮಾಡಿದೆ ಎಂದು ತಿಳಿಯದೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಹೆರಿಗೆಯ ದಿನ ಆಸ್ಪತ್ರೆಯ ಬಾಗಿಲಲ್ಲಿ ಅವಳೂ ಪಾರವ್ವನೂ ಕೂತಿದ್ದರು. ಒಳಗೆ ಶಿವಲೀಲಾಳ ನರಳಾಟ ಏರುತ್ತಿತ್ತು, ಇಳಿಯುತ್ತಿತ್ತು. ಒಮ್ಮೆ ಪೂರ್ತಿ ನಿಂತಿತು. ಪಾರವ್ವ ಸುವರ್ಣಾಳ ಕೈ ಹಿಡಿದಳು. ಬಾಗಿಲು ತೆರೆದಾಗ ನರ್ಸ್ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದಳು. "ಹೆಣ್ಣು ಕೂಸ್ರಿ."

ಸುವರ್ಣಾ ಬಟ್ಟೆ ಸರಿಸಿ ತಲೆ ನೋಡಿದಳು. ಒಂದು ಎಳೆಯೂ ಇರಲಿಲ್ಲ. ಹಿಂದೆ ಮುಂದೆ ಎಲ್ಲ ನುಣ್ಣಗೆ. ಬೋಳುತಲೆಯ ಕೂಸುಗಳು ಎಷ್ಟೋ ಹುಟ್ಟುತ್ತವೆ, ಅದು ಏನೂ ಅಲ್ಲದಿರಬಹುದು. ಅಥವಾ ಉಂಡಿಯ ವಿಷದ ಗುರುತೇ ಇರಬಹುದು. ಯಾವುದು ಎಂದು ಹೇಳಲು ಅವಳ ಯಂತ್ರಕ್ಕೆ ಏನೂ ಉಳಿದಿರಲಿಲ್ಲ. ಕೂಸನ್ನು ಹಿಡಿದು ಒಳಗೆ ಹೋದವಳು ಮಂಚದ ಪಕ್ಕ ನಿಂತೇ ಇದ್ದಳು.

"ಅದರ ತಲ್ಯಾಗ ಏನ್ ಹುಡುಕಾಕತ್ತಿ ಬೇ?" ಎಂದಳು ಶಿವಲೀಲಾ ಸೋತ ದನಿಯಲ್ಲಿ.

"ಕೂದಲಾನ ಇಲ್ಲ ಲೀಲಾ. ಓದಾಕ ಏನೂ ಇಲ್ಲ ನನಗ."

ಅಷ್ಟರಲ್ಲಿ ಕೂಸು ಬಾಯಿ ತೆರೆದು ಕಿಟಾರನೆ ಕಿರುಚಿತು. ಮುಖ ಕೆಂಪಗಾಯಿತು, ಮುಷ್ಟಿ ಬಿಗಿಯಿತು.

"ಕೂದಲಾ ನಿಧಾನ ಬರ್ತಾವ, ಬಿಡು," ಎಂದಳು ಶಿವಲೀಲಾ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದಿದ್ದವು. "ಅಕಿ ಬಾಯಿಬಿಟ್ಟು ಹೇಳಾಕತ್ತಾಳಲ್ಲ, ಅದನ್ನರ ಕೇಳು."

ಸುವರ್ಣಾ ಕೇಳಿದಳು. ಆ ಅಳು ಗೋಡೆ ದಾಟಿ ಹೊರಗಿನ ಪಡಸಾಲೆಗೂ ಕೇಳುತ್ತಿತ್ತು. ಹಾಲು ಕುಡಿಸಿ ಸುಮ್ಮನಿರಿಸಿ ಎಂದು ನರ್ಸ್ ಗದರಿದಳು. ಸುವರ್ಣಾ ಕೂಸನ್ನು ಎದೆಗೊತ್ತಿಕೊಂಡು, ಸುಮ್ಮನಿರಿಸದೆ, ಇನ್ನೂ ಸ್ವಲ್ಪ ಹೊತ್ತು ಅಳಲು ಬಿಟ್ಟಳು.